ಗೋರಿಯ ಅಕ್ಷರಕ್ಕೆ ದೇವರ ದೀಪದ ಮಸಿ

ಶುಕ್ರವಾರ ನಾನು ಕರಿ ಬಣ್ಣ ಮುಟ್ಟುವುದಿಲ್ಲ. ಎಲ್ಲಮ್ಮನ ಗುಡ್ಡದ ಸೀಮೆಯಲ್ಲಿ ಸಂಸಾರ ಮಾಡುವವಳಿಗೆ ಇಷ್ಟಾದರೂ ನೇಮ ಬೇಡವೇ? ಆದರೆ ಹೋದ ವಾರ ಈ ನೇಮದಿಂದ ಒಂದು ದೇಶವನ್ನೇ ಮರಳುಗಾಡು ಮಾಡಿಬಿಟ್ಟೆ.

ದೇಶ ಈಜಿಪ್ಟ್. ಇದ್ದದ್ದು ಹೂಲಿಯ ನಮ್ಮ ಅಡುಗೆಮನೆಯಲ್ಲಿ, ಒಂದು ರಟ್ಟಿನ ಮೇಲೆ. ಒಂಬತ್ತನೇ ಇಯತ್ತೆಯ ಮಗಳು ಗಿರಿಜಾ ಶಾಲೆಯ ಪ್ರದರ್ಶನಕ್ಕೆಂದು ಅಲ್ಲಿನ ಗೋರಿಗೋಡೆಯ ಚಿತ್ರಾಕ್ಷರ ಬರೆದಿದ್ದಳು. ಹಕ್ಕಿ, ಹಾವು, ಜೊಂಡು. ನನಗಂತೂ ನಾಗರಪಂಚಮಿಗೆ ಹಾವು ಬರೆದ ಗೋಡೆಯೇ ಕಂಡಿತು. ಯಾವ ಅಕ್ಷರಕ್ಕೆ ಯಾವ ಬಣ್ಣವೆಂದು ಸಾವಿರಾರು ವರ್ಷ ಹಿಂದೆಯೇ ಗೊತ್ತುಮಾಡಿದ್ದರಂತೆ: ಜೊಂಡಿಗೆ ಹಸಿರು, ನೀರಿನ ಅಂಕುಡೊಂಕು ಗೆರೆಗೆ ನೀಲಿ. ಅವಳು ನೀರಿಗೆ ಹೋದಾಗ, ಉಳಿದ ಒಂದಕ್ಕೆ ನಾನೇ ಬಣ್ಣ ತುಂಬಲು ಕುಳಿತೆ. ಪಕ್ಕದಲ್ಲಿ ಪೆನ್ಸಿಲಿನಿಂದ 'ಕರಿ' ಎಂದು ಬರೆದಿತ್ತು. ಮೊದಲೇ ಗೋರಿ, ಮೇಲೆ ಕರಿ, ಅದೂ ಶುಕ್ರವಾರ! ರಂಗೋಲಿಯ ಕೆಂಪಿಗೆ ಅಂಟು ಕಲೆಸಿ ಹಚ್ಚಿದೆ. ಕೈ ಮುಗಿಯುವಷ್ಟು ಚಂದ ಕಂಡಿತು.

ಗಿರಿಜಾ ಕೊಡ ಇಳಿಸಿ ರಟ್ಟು ನೋಡಿದವಳೇ ಅಳತೊಡಗಿದಳು.

"ಯವ್ವಾ, ಏನ್ ಮಾಡಿದೀಬೇ! ಅದು ಅವರ ದೇಶದ ಹೆಸರು. ಕರೀ ನೆಲ ಅಂತ. ಹೊಳಿ ತಂದು ಹಾಕಿದ ಮಣ್ಣು, ಬೆಳಿ, ಜೀವ, ಎಲ್ಲಾ ಕರೀನ. ಕೆಂಪು ಅಂದ್ರ ಉಸುಕಿನ ಬೆಂಗಾಡು! ನಾಳೆ ಮುಂಜಾನಿ ಕೊಡೂದೈತಿ, ನನ್ನ ಕರೀ ಬಣ್ಣ ಒಣಗಿ ಕಲ್ಲಾಗೇತಿ, ಸವದತ್ತಿ ಬಸ್ಸೂ ಹೋತು."

"ನಮ್ಮ ಎರೀ ಹೊಲ ಇದ್ದಂಗ ಅನ್ನು. ಮೊದಲ ಹೇಳಬಾರದೇನ? ಶುಕ್ರವಾರ ಕರಿ ಬ್ಯಾಡ ಅಂತ ನಾನು..."

"ಹಂಗಾರ ಕೊಳ್ಳಾಗಿನ ಕರಿಮಣಿ ಶುಕ್ರವಾರಕ್ಕೊಮ್ಮೆ ತಗದಿಡ್ತಿಯೇನ್?"

ಕೈ ತಾನೇ ಕೊರಳಿಗೆ ಹೋಯಿತು. ಮದುವೆಯಾದಂದಿನಿಂದ ಅಲ್ಲೇ ಕುಳಿತ ಮಣಿಗಳು ಕಿಸಕ್ಕೆಂದಂತಾಯಿತು. ನನಗೂ ನಗು ತಡೆಯಲಿಲ್ಲ. ಅಳುತ್ತಿದ್ದ ಹುಡುಗಿಯೂ ನಕ್ಕುಬಿಟ್ಟಳು.

ಆ ಕಾಲದವರೂ ಕರಿಯನ್ನು ಮಸಿಯಿಂದಲೇ ಮಾಡುತ್ತಿದ್ದರೆಂದು ಅವಳ ಪುಸ್ತಕದಲ್ಲಿತ್ತು. ಮಸಿಗೇನು ಬರ? ದೇವರ ಜಗಲಿಯ ದೀಪಕ್ಕೆ ಕೈ ಮುಗಿದು, ಮೇಲೆ ತಾಟು ಹಿಡಿದೆ. ಎಲ್ಲಮ್ಮ ತಾಯಿಯ ದಯೆ ನೋಡಿ: ದೀಪ ಉರಿಯುತ್ತಿತ್ತು, ಬಟ್ಟಲ ತಳದಲ್ಲಿ ಚೂರು ಅಂಟು ಉಳಿದಿತ್ತು, ಕೆಂಪನ್ನು ಮುಚ್ಚುವ ತಾಕತ್ತು ಕರಿಗೇ ಇತ್ತು. ಮಸಿಗೆ ಅಂಟು ಕಲೆಸಿ ಹಚ್ಚಿದಂತೆ ನೋಡನೋಡುತ್ತ ಬೆಂಗಾಡು ಹೊಲವಾಯಿತು.

ಬೆರಳಿಗೆ ಉಳಿದ ಮಸಿಯನ್ನು ರಟ್ಟಿನ ಮೂಲೆಗೆ ಒತ್ತಿದೆ.

"ಅದೇನಬೇ ಮತ್ತ?"

"ದೃಷ್ಟಿ ಬೊಟ್ಟು. ಇಷ್ಟು ವರ್ಷ ಮಾಸದ ಬಣ್ಣಕ್ಕ ಹೂಲಿಗೆ ಬಂದು ದೃಷ್ಟಿ ಆಗಬಾರದಲ್ಲ?"

ದೇವಿಯತ್ತ ಓರೆಗಣ್ಣಲ್ಲಿ ನೋಡಿದೆ. ದೀಪ ತಣ್ಣಗೆ ಉರಿಯುತ್ತಿತ್ತು. ಅಂದು ಇನ್ನೂ ಶುಕ್ರವಾರವೇ ಇತ್ತು.