ಅನಸೂಯಮ್ಮ ಕಟ್ಟಿದ ಸ್ವಭಾವದ ಪ್ರಶ್ನೆಗಳು

ಬೀಸುವ ಕಲ್ಲಿನ ಸದ್ದು ಗೋಡೆ ದಾಟಿ ಬರುತ್ತಿತ್ತು. ಅನಸೂಯಮ್ಮ ಸೀಸದ ಕಡ್ಡಿ ಕೈಗೆತ್ತಿಕೊಂಡು ಪಕ್ಕದ ಮನೆಗೆ ಹೊರಟಳು. ರಾಗಿ ಬೀಸುವ ಹೆಂಗಸು ಮನಸ್ಸಿನಲ್ಲಿ ಏನನ್ನೂ ಮುಚ್ಚಿಡುವುದಿಲ್ಲವೆಂದು ಆಕೆ ಕಂಡುಕೊಂಡಿದ್ದಳು.

ಮಾಲೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಆಕೆ ಉಪಾಧ್ಯಾಯಿನಿ. ಎರಡನೇ ಮಹಾಯುದ್ಧ ಶುರುವಾದ ಮರುವರ್ಷ ಮೈಸೂರಿಗೆ ತರಬೇತಿಗೆ ಹೋದಾಗ ಮನಶ್ಶಾಸ್ತ್ರದ ಅಧ್ಯಾಪಕರೊಬ್ಬರು ಆಕೆಗೊಂದು ಕೆಲಸ ಹಚ್ಚಿದ್ದರು. ಕೆಲವರ ಮನಸ್ಸು ಹೊರಕ್ಕೆ ಹರಿಯುತ್ತದೆ, ಕೆಲವರದು ಒಳಕ್ಕೆ. ಯಾರು ಯಾವ ಬಗೆಯೆಂದು ಪ್ರಶ್ನೆ ಕೇಳಿಯೇ ತಿಳಿಯಬಹುದು. ಪರದೇಶದವರ ಪ್ರಶ್ನೆಗಳು ನಮ್ಮವರಿಗೆ ಹೊಂದುವುದಿಲ್ಲ, ನಿಮ್ಮ ಕಡೆಯ ಜನಕ್ಕೆ ತಕ್ಕಂತೆ ಕಟ್ಟಿಕೊಡಿ ಎಂದಿದ್ದರು.

ಕಟ್ಟುವುದು ಸುಲಭವಾಗಿರಲಿಲ್ಲ. ಒಬ್ಬರೇ ಇರಲು ಇಷ್ಟವೇ ಎಂದರೆ ಊರಿನ ಹೆಂಗಸರು, ಮನೆ ತುಂಬ ಜನ ಇರುವಾಗ ಒಬ್ಬಳೇ ಯಾಕಿರಲಿ, ಬಿಡ್ತು ಅನ್ನಿ ಎನ್ನುತ್ತಿದ್ದರು. ಆಕೆ ಅದನ್ನು ಹೊಡೆದುಹಾಕಿ, ಬಾವಿಯ ಹತ್ತಿರ ಯಾರಾದರೂ ಸರದಿ ತಪ್ಪಿಸಿ ನುಗ್ಗಿದರೆ ಅಲ್ಲೇ ಕೇಳಿಬಿಡುತ್ತೀರೋ, ಆ ಮಾತನ್ನು ಮನೆಗೆ ಹೊತ್ತು ತರುತ್ತೀರೋ ಎಂದು ಬರೆದಳು. ಉತ್ತರ ತಟ್ಟನೆ ಬಂತು. ಹೀಗೆ ಒಂದೊಂದನ್ನೇ ತಿದ್ದಿದಳು. ತಿಂಗಳು ಬಿಟ್ಟು ಅದೇ ಜನರನ್ನು ಮತ್ತೆ ಕೇಳಿ, ಉತ್ತರ ಬದಲಾದ ಪ್ರಶ್ನೆಗಳನ್ನು ಕೈಬಿಟ್ಟಳು. ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲವೆಂದು ಎಲ್ಲರಿಗೂ ಮಾತು ಕೊಟ್ಟಿದ್ದಳು.

ಇನ್ನೊಂದು ಪರೀಕ್ಷೆ ಉಳಿದಿತ್ತು. ಒಬ್ಬರು ತಮ್ಮ ಬಗ್ಗೆ ಹೇಳಿಕೊಂಡದ್ದು ನಿಜವೋ ಎಂದು ನೋಡಲು, ಅವರನ್ನು ಬಲ್ಲವರಿಗೂ ಅವೇ ಪ್ರಶ್ನೆ ಹಾಕಬೇಕು. ಅದಕ್ಕೆಂದೇ ಆಕೆ ಅವತ್ತು ಅಶ್ವತ್ಥಮ್ಮನ ಕಲ್ಲಿನ ಮುಂದೆ ಕೂತು, ತನ್ನ ಪ್ರಶ್ನೆಗಳಿಗೆ ಆಗಲೇ ಉತ್ತರ ಹೇಳಿದ್ದ ಎದುರುಮನೆಯ ಮುನಿಶಾಮಮ್ಮನ ವಿಷಯ ಎತ್ತಿದಳು. ಮುನಿಶಾಮಮ್ಮ ಅನಸೂಯಮ್ಮನ ಕೈಯಲ್ಲೇ ಅಕ್ಷರ ಕಲಿತವಳು, ಈಗ ಮದುವೆಗೆ ಬಂದ ಹುಡುಗಿ. ಅಶ್ವತ್ಥಮ್ಮ ಕಲ್ಲು ತಿರುಗಿಸುವುದನ್ನೇ ನಿಲ್ಲಿಸಿ, ಹುಡುಗಿಗೆ ಸಿಟ್ಟೆಂಬುದೇ ತಿಳಿಯದು, ಹಸುವಿನಂಥವಳು ಎಂದು ಹೊಗಳಿದಳು. ನೀರಿಗೆ ಬಂದ ಇನ್ನಿಬ್ಬರನ್ನು ಕೇಳಿದರೆ ಅವರೂ ಹಸುವಿನ ಹೋಲಿಕೆಯನ್ನೇ ತಂದರು.

ಎಲ್ಲರೂ ಹೀಗೆ ಒಂದೇ ಸಮ ಹೊಗಳಿದ್ದು ಯಾಕೆಂದು ಹೊಳೆದದ್ದು ಕೆಲವು ದಿನಗಳ ಮೇಲೆ, ಮುನಿಶಾಮಮ್ಮನ ತಾಯಿ ದೊಡ್ಡಗಂಗಮ್ಮ ಬಂದು ಜಗಲಿಯ ಮೇಲೆ ಕುಸಿದು ಕೂತಾಗ. ಆ ಸೀಮೆಯಲ್ಲಿ ವಯಸ್ಸಿಗೆ ಬಂದ ಹುಡುಗಿಯ ಗುಣವನ್ನು ನೆರೆಯವರ ಹತ್ತಿರ ವಿಚಾರಿಸುವವರು ಗಂಡಿನ ಕಡೆಯವರು ಮಾತ್ರ. ಕೇಳಿದಾಗ ನಾಲ್ಕು ಒಳ್ಳೆಯ ಮಾತು ಹೇಳುವುದು ನೆರೆಯವರ ಧರ್ಮ. ಟೀಚರಮ್ಮ ಯಾರೋ ವರನ ಪರವಾಗಿ ಬಂದಿದ್ದಾಳೆಂದು ಬೀದಿಯೇ ನಂಬಿತು. ಆ ಸುದ್ದಿ ಸಂತೆಗೆ ಹೋದವರ ಜೊತೆ ಟೇಕಲ್ ಊರನ್ನು ಮುಟ್ಟಿತು. ಟೇಕಲ್ಲಿನ ವೆಂಕಟರಾಯಪ್ಪನ ಮಗ ಕದಿರೇಶನಿಗೆ ಮುನಿಶಾಮಮ್ಮನನ್ನು ಕೊಡುವುದೆಂದು ಆಗಲೇ ಮಾತಾಗಿತ್ತು. ನಮಗೆ ಒಪ್ಪಿಕೊಂಡು ಬೇರೆ ಕಡೆಯೂ ನೋಡುತ್ತಿದ್ದಾರೆಯೇ ಎಂದು ಅವರು ಹೂ ಮುಡಿಸುವ ಶಾಸ್ತ್ರವನ್ನೇ ನಿಲ್ಲಿಸಿಬಿಟ್ಟಿದ್ದರು.

"ಮಗು ಸರಿಯಾಗಿ ಉಂಡೇ ಇಲ್ಲ ಕಣಮ್ಮ," ಎಂದಳು ದೊಡ್ಡಗಂಗಮ್ಮ. "ಆ ಹುಡುಗನ ಮೇಲೆ ಮನಸ್ಸಿಟ್ಟವ್ಳೆ. ನೀವೇ ಕೆಡಿಸಿದ್ರಿ, ನೀವೇ ಸರಿ ಮಾಡಿ."

ಭಾನುವಾರ ಅನಸೂಯಮ್ಮ ರೈಲು ಹತ್ತಿ ಟೇಕಲ್ಲಿಗೆ ಹೋದಳು. ವೆಂಕಟರಾಯಪ್ಪ ಕೂತಲ್ಲಿಂದ ಏಳಲಿಲ್ಲ. ಅವನ ಹೆಂಡತಿ ಭಾರತಮ್ಮ ಚಾಪೆ ಹಾಸಿ ಒಳಗೆ ಹೋದಳು. ಅನಸೂಯಮ್ಮ ಬಾವಿಯ ಸರದಿಯ ಪ್ರಶ್ನೆಯಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿ, ತಪ್ಪು ತನ್ನದು, ಹುಡುಗಿಯ ಮನೆಯವರಿಗೆ ಏನೇನೂ ಗೊತ್ತಿರಲಿಲ್ಲ ಎಂದಳು.

"ಗಂಡು ಇಲ್ದೆ ಹೆಣ್ಣಿನ ಗುಣ ಯಾರು ಕೇಳ್ತಾರೆ?" ಎಂದ ವೆಂಕಟರಾಯಪ್ಪ.

"ನಾನು ಯಾರ ಗುಣ ಆದ್ರೂ ಕೇಳ್ತೀನಿ. ನಿಮ್ಮ ಕದಿರೇಶನ್ನ ಯಾರಾದ್ರೂ ಒಂದು ಮಾತು ಅಂದ್ರೆ ಅಲ್ಲೇ ತಿರುಗಿ ಅಂತಾನೋ, ಒಳಗೇ ಇಟ್ಕೊಂತಾನೋ?"

"ಅಂತಾನೆ. ನನ್ನ ಮಗ ಅಲ್ವಾ?"

"ಯಾವತ್ತು ಅಂದ?" ಭಾರತಮ್ಮ ಬಾಗಿಲಿಗೆ ಬಂದಳು. "ಸಂಕ್ರಾಂತೀಲಿ ನೀವು ಬೈದಿದ್ದನ್ನ ಇವತ್ತಿಗೂ ಎತ್ತಿನ ಹತ್ರಾನೇ ಹೇಳ್ಕೊಂತವ್ನೆ. ಹುಡುಗಿ ಒಪ್ಪಿಗೇನಾ ಅಂದ್ರೆ ಮಾತಿಲ್ಲ, ಮಾರನೇ ದಿನ ಮನೆಗೆಲ್ಲ ಸುಣ್ಣ ಹೊಡ್ದ. ಈಗ ನೀವು ಬೇಡ ಅಂದ್ಮೇಲೆ ಕೊಟ್ಟಿಗೇಲಿ ಮಲಗ್ತವ್ನೆ."

ವೆಂಕಟರಾಯಪ್ಪ ಬಿಳಿಯ ಗೋಡೆಯನ್ನು ಹೊಸದಾಗಿ ಕಂಡವನಂತೆ ನೋಡಿದ. ಆಮೇಲೆ ದನಿ ತಗ್ಗಿಸಿ, ಹುಡುಗಿ ಆ ಪ್ರಶ್ನೆಗೆ ಏನು ಹೇಳಿದಳು, ಅದೊಂದು ತಿಳಿಸಿದರೆ ಶುಕ್ರವಾರವೇ ಹೂ ಮುಡಿಸಲು ಹೊರಡುತ್ತೇವೆ ಎಂದ.

ಉತ್ತರ ಅನಸೂಯಮ್ಮನ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಸಾಕಾಗಿತ್ತು. ತಲೆ ತಗ್ಗಿಸಿ, ಸೆರಗಿನ ಅಂಚು ಸುತ್ತುತ್ತ ಹುಡುಗಿ ಅದನ್ನು ಹೇಳಿದ ಬಗೆ ನೆನಪಾಯಿತು.

"ಹೇಳೋ ಹಂಗಿಲ್ಲ," ಎಂದಳು. "ನನ್ನ ನಂಬಿ ಹೇಳಿದ್ದದು. ನಿಮ್ಮ ಮಗನ ವಿಷ್ಯಾನೂ ಮಾಲೂರಲ್ಲಿ ಹೇಳೋದಿಲ್ಲ."

"ಹಂಗಾದ್ರೆ ಶುಕ್ರವಾರಾನೂ ಇಲ್ಲ."

ಅನಸೂಯಮ್ಮ ಚಾಪೆ ಬಿಟ್ಟು ಏಳಲಿಲ್ಲ.

"ಏಮಂಡಿ," ಎಂದಳು ಭಾರತಮ್ಮ ಗಂಡನ ಕಡೆ ತಿರುಗಿ, "ಇಷ್ಟು ದೂರ ಬಂದು, ಕೆಲ್ಸ ಕೆಟ್ರೂ ಬಾಯಿ ಬಿಡದೇ ಇರೋಳು ಸುಳ್ಳು ಯಾಕೆ ಹೇಳ್ತಾಳೆ? ಟೀಚರಮ್ಮ, ಶುಕ್ರವಾರ ಹೂವು ತರ್ತೀವಿ ಅಂತ ಹೇಳಿ. ಒಬ್ರೂ ಬರ್ದಿದ್ರೆ ನಾನು ಕದಿರೇಶ ಇಬ್ರೇ ಬರ್ತೀವಿ."

ವೆಂಕಟರಾಯಪ್ಪ ಮೀಸೆ ತೀಡಿದ.

"ನಾನು ಬರಲ್ಲ ಅಂತ ಯಾರಂದ್ರು?" ಎಂದ. "ಅದ್ಸರಿ, ನನ್ನೊಂದಿಷ್ಟು ಕೇಳಿ ಟೀಚರಮ್ಮ, ನಾನು ಯಾವ ಥರ ನೋಡಣ. ಬಾವಿಗೆ ನಾನು ಹೋಗಲ್ಲ. ಆದ್ರೆ ಕೆರೆ ನೀರು ಬಿಡೋವಾಗ ಯಾರಾದ್ರೂ ಮುಂದೆ ಬಂದ್ರೆ..."

ಅನಸೂಯಮ್ಮ ಆಗಲೇ ಎದ್ದು, ಭಾರತಮ್ಮನಿಗೆ ಕೈ ಮುಗಿದು ಮೆಟ್ಟಿಲಿಳಿದಿದ್ದಳು. ಮಾಲೂರಿನಲ್ಲಿ ಒಂದು ಹುಡುಗಿ ಉಣ್ಣದೆ ಕೂತಿದ್ದಳು. ಹಿಂದಿನಿಂದ ವೆಂಕಟರಾಯಪ್ಪ, ತಾನು ಮೊದಲು ಸುಮ್ಮನಿದ್ದು ನೋಡುತ್ತೇನೆಂದೂ, ಆಮೇಲೆ ಬಿಡುವುದಿಲ್ಲವೆಂದೂ, ಇದನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತೀರೆಂದೂ ಇನ್ನೂ ಕೇಳುತ್ತಲೇ ಇದ್ದ. ಆಕೆ ತಿರುಗದೆ ಸ್ಟೇಷನ್ನಿನ ಕಡೆ ಬೇಗ ಬೇಗ ನಡೆದಳು.