ಒಂದು ಉಸಿರಿಗೆ ಎಷ್ಟು ಅಂಕಿ

ಅಣ್ಣನ ಬೆರಳುಗಳು ಕೈಕೊಟ್ಟದ್ದು ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ. ಇಚಲಕರಂಜಿಯ ಮಗ್ಗದ ಶೆಡ್ಡಿಗೆ ನಾನು ಅವನಿಗೆ ಚಹಾ ತಂದಿದ್ದೆ, ಗೋಡೆಯ ಗಡಿಯಾರ ಎದುರಿಗೇ ಇತ್ತು. ಎಳೆ ಹರಿದು ಮಗ್ಗ ನಿಂತಿತ್ತು. ಕಣ್ಣು ಮುಚ್ಚಿಕೊಂಡೂ ಗಂಟು ಹಾಕುವವನು ಎರಡು ತುದಿ ಹಿಡಿಯಲಾರದೆ ನಿಂತಿದ್ದ.

“ಏನ್ ದೋಸ್ತಾ, ಮುಂಜಾನೆನ ಏರಿಸಿ ಬಂದೀಯೇನು?” ಎಂದು ಪಕ್ಕದ ಮಗ್ಗದವನು ಕೂಗಿದ.

“ಹೌದಪಾ, ನಿನ್ನ ಬಿಟ್ಟು ಕುಡದೇನಿ,” ಎಂದ ಅಣ್ಣ. ಅಷ್ಟರಲ್ಲಿ ಅವನ ಮೊಣಕಾಲು ಮಡಚಿತು.

ಹತ್ತು ದಿನ ಮೊದಲಿನ ಆ ಊಟವನ್ನು ಈಗಲೂ ಎಷ್ಟು ಸಲ ನೆನೆಯುತ್ತೇನೋ. ಕರೆಂಟು ಹೋದರೆ ಶೆಡ್ಡಿನವರು ಹಿಂಬದಿಯಲ್ಲಿ ಒಲೆ ಹೂಡಿ ಕೋಳಿ ರಸ್ಸಾ ಮಾಡುತ್ತಾರೆ. ಅಂದು ಅದು ಕುದಿ ಹಿಡಿಯುವಷ್ಟರಲ್ಲಿ ಕರೆಂಟು ಬಂದುಬಿಟ್ಟಿತು. ನೇಯ್ದ ಮೀಟರಿಗೆ ತಕ್ಕಂತೆ ಕೂಲಿ. ಕರೆಂಟಿದ್ದಾಗ ಯಾರೂ ಮಗ್ಗ ನಿಲ್ಲಿಸುವುದಿಲ್ಲ. ಪಾತ್ರೆ ಇಳಿಸಿ, ಸಿಕ್ಕಷ್ಟು ನುಂಗಿ ಓಡಿದರು. “ತುಂಡು ಇನ್ನಾ ಕೆಂಪಗ ಇದ್ವು. ಖಾರ ಭಾಳ ಇತ್ತು, ಹೊಟ್ಟ್ಯಾಗ ಬೇಯ್ತಾವ,” ಎಂದು ಅಣ್ಣ ಮನೆಗೆ ಬಂದು ಹೇಳಿದ. ಗಡಹಿಂಗ್ಲಜದ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದ ನಾನೂ ನಕ್ಕೆ. ಅವನಿಗೂ ಇನ್ನಿಬ್ಬರಿಗೂ ಭೇದಿ ಹಿಡಿಯಿತು, ನಿಂತಿತು. ಆ ಇಬ್ಬರ ಕಾಯಿಲೆ ಅಲ್ಲಿಗೇ ಮುಗಿಯಿತು.

ಅಣ್ಣನನ್ನು ಸೇರಿಸಿದ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಅರೆಬೆಂದ ಕೋಳಿಯ ಜೊತೆ ಕರುಳಿಗೆ ಹೋದ ಬ್ಯಾಕ್ಟೀರಿಯಾವನ್ನು ದೇಹ ಗುರುತಿಟ್ಟು ಹೊಡೆದಿದೆ. ಅವುಗಳ ಹೊರಮೈ ನರಗಳ ಹೊರಮೈಯನ್ನು ಹೋಲುವುದರಿಂದ ಈಗ ನರಗಳನ್ನೂ ಹೊಡೆಯುತ್ತಿದೆ. ಆ ಉರಿಯೂತದಿಂದ ಕಾಲು, ಕೈ ಸೋತಿವೆ. ಉಸಿರಾಟದ ಸ್ನಾಯುಗಳೂ ಸೋತರೆ ಯಂತ್ರ ಬೇಕಾಗುತ್ತದೆ.

“ಹೊಟ್ಟ್ಯಾಗಿನ ಹುಳಾ ಕಾಲಿಗೆ ಹ್ಯಾಂಗ ಬಂದ್ವು?” ಎಂದು ಅವ್ವ ಕೇಳಿದಳು.

“ಬಂದಿಲ್ಲವ್ವಾ. ಅವನ್ನ ಹಿಡ್ಯಾಕ ಹೋದ ನಮ್ಮ ಮಂದೀನ ನರಾ ಕಡ್ಯಾಕತ್ತಾರ,” ಎಂದೆ ನಾನು.

“ಅಂದ್ರ ಪೊಲೀಸ್ರು ಮನಿ ತಪ್ಪಿ ಬಂದಾರನ್ನು.”

ಐದು ದಿನ ರಕ್ತನಾಳಕ್ಕೆ ಔಷಧ ಹನಿಸಿದರು. ಅಣ್ಣ ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾನೆ ಎಂದು ತಾಸಿಗೊಮ್ಮೆ ಬರೆದಿಡುವ ಕೆಲಸ ನನ್ನದಾಯಿತು. ಹತ್ತಕ್ಕಿಂತ ಕೆಳಗಿಳಿದರೆ ಓಡಿ ಬಾ ಎಂದು ನರ್ಸ್ ಹೇಳಿದ್ದರು. ಮೊದಲ ದಿನ ಇಪ್ಪತ್ತೆರಡು, ಮರುದಿನ ಹದಿನೇಳು, ಮೂರನೆಯ ದಿನ ಹನ್ನೆರಡು.

ನಮ್ಮ ಮುಖ ನೋಡಿ ಅವನು ಕಳ್ಳಾಟ ಹೂಡಿದ. “ಏಳು, ಎಂಟು, ಹನ್ನೊಂದು, ಹನ್ನೆರಡು...”

“ಒಂಬತ್ತು, ಹತ್ತು ಎಲ್ಲಿ ಹೋದ್ವೋ?” ಎಂದಳು ಅವ್ವ.

“ಚಹಾ ಕುಡ್ಯಾಕ ಹೋಗ್ಯಾವ.”

ತನ್ನ ಮಾತಿಗೆ ತಾನೇ ನಕ್ಕು ಉಸಿರು ಕಳೆದುಕೊಂಡ. ನಾನು ಹೊರಗೆ ಹೋಗಿ ಅತ್ತು ಬಂದೆ. ಮತ್ತೆ ಎಣಿಸಿದಾಗ ಹನ್ನೊಂದು. ಎರಡು ದಿನ ಅದು ಅಲ್ಲೇ ನಿಂತಿತು. ಆರನೆಯ ದಿನ ಹದಿನಾಲ್ಕಕ್ಕೆ ಬಂದಾಗ ಅವ್ವ ಇಡೀ ವಾರ್ಡಿಗೆ ಪೇಡೆ ಹಂಚಿದಳು.

ಮೂರು ವಾರಕ್ಕೆ ವಾಕರ್ ಹಿಡಿದುಕೊಂಡು ಮನೆಗೆ ಬಂದ. ಅಪಾಯ ದಾಟಿದೆ ಎಂದು ಡಾಕ್ಟರು ಹೇಳಿದರೂ ನನಗೆ ನಂಬಿಕೆ ಬರಲಿಲ್ಲ. ರಾತ್ರಿ ಎರಡೆರಡು ತಾಸಿಗೆ ಅಲಾರಾಂ ಇಟ್ಟು, ಅವನನ್ನು ಅಲುಗಾಡಿಸಿ ಎಣಿಸಲು ಹಚ್ಚುತ್ತಿದ್ದೆ.

“ದವಾಖಾನ್ಯಾಗ ನರ್ಸಬಾಯಿಗೋಳಾದ್ರೂ ನಿದ್ದಿ ಮಾಡಾಕ ಬಿಡ್ತಿದ್ರು,” ಎನ್ನುತ್ತಿದ್ದ. ಎನ್ನುತ್ತಲೇ ಮೂವತ್ತರವರೆಗೆ ಎಣಿಸುತ್ತಿದ್ದ. ಆದರೂ ನಾನು ಬಿಡಲಿಲ್ಲ.

ಒಂದು ಮಂಗಳವಾರ ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲಿತ್ತು. ಅಲಾರಾಂ ಬಂದ್ ಮಾಡಿದವನು ಅಣ್ಣನೇ. ಅವನ ಹಾಸಿಗೆಗೆ ಓಡಿದೆ. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ, ಅವ್ವನೂ ಎದ್ದಿರಲಿಲ್ಲ. ಹಾಲಿನವನು ಕರೆದೂ ಕರೆದೂ ಸಾಕಾಗಿ ಪಾಕೀಟನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗಿದ್ದ.