ಗೌಡರ ರುಮಾಲು ಯಾರ ಕಡೆ?

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಗುರುಪಾದಪ್ಪಗೌಡರು ಸೊಲ್ಲಾಪುರದ ನಮ್ಮ ಪತ್ರಿಕೆಯ ಆಫೀಸಿಗೆ ಬಂದರು. ಕುರ್ಚಿ ತೋರಿಸಿದೆ, ಕೂಡಲಿಲ್ಲ. ತಲೆಯ ಮೇಲಿನ ರುಮಾಲು ತೆಗೆದು ನನ್ನ ಟೇಬಲ್ಲಿನ ಮೇಲೆ, ಬರೆಯುತ್ತಿದ್ದ ಸುದ್ದಿಯ ಮೇಲೆಯೇ ಇಟ್ಟರು.

"ರಾಯರ, ಇದರ ಪಾರ್ಟಿ ಯಾವುದು, ನೋಡಿ ಹೇಳ್ರಿ."

ಗೌಡರು ಅಕ್ಕಲಕೋಟ ಸಂಸ್ಥಾನದ ಒಂದು ಹಳ್ಳಿಯವರು. (ಹಳ್ಳಿಯ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.) ಜೋಳ, ತೊಗರಿ ಬೆಳೆಯುವ ಮನೆತನ. ಊರ ಗೌಡಕಿ ಅಜ್ಜನ ಕಾಲದಿಂದ ಆ ಮನೆಯಲ್ಲಿದೆ. ಅಂಥವರು ಪರಸ್ಥಳದಲ್ಲಿ ಬರಿದಲೆಯಲ್ಲಿ ನಿಂತರೆ ಯಾರೋ ಸತ್ತಿರಬೇಕು, ಇಲ್ಲವೇ ಮಾನಕ್ಕೆ ಏನೋ ಬಂದಿರಬೇಕು.

ಯಾರೂ ಸತ್ತಿರಲಿಲ್ಲ. ಫುಟ್‌ಬಾಲ್ ಮ್ಯಾಚ್ ಆಗಿತ್ತು, ಅಷ್ಟೇ.

ಆ ಮ್ಯಾಚಿಗೆ ನಾನೂ ಹೋಗಿದ್ದೆ. ಸೊಲ್ಲಾಪುರದ ಒಂದು ಗಿರಣಿಯ ಟೀಮು, ಎದುರಿಗೆ ಅಕ್ಕಲಕೋಟದ ಟೀಮು. ಗೌಡರು ಊರಿನ ಜನರನ್ನು ಕರೆದುಕೊಂಡು ರೈಲು ಹತ್ತಿ ಬಂದಿದ್ದರು. ಅಕ್ಕಲಕೋಟದವರ ಮಗ್ಗುಲಲ್ಲೇ ಕುಳಿತಿದ್ದರು. ಸಂಸ್ಥಾನದ ಪ್ರಜೆಗಳು ಬೇರೆ ಎಲ್ಲಿ ಕೂಡಬೇಕು?

ಆಟ ಶುರುವಾಗಿ ತುಸು ಹೊತ್ತಿಗೆ ಅಕ್ಕಲಕೋಟದ ಹುಡುಗನೊಬ್ಬ ಚೆಂಡನ್ನು ಬಲವಾಗಿ ಒದ್ದ. ಗಿರಣಿ ಟೀಮಿನ ಗೋಲ್‌ಕೀಪರ್ ಮಾಳಪ್ಪ ಕೆಸರಿನಲ್ಲಿ ಅಡ್ಡ ಬಿದ್ದು ಅದನ್ನು ಎದೆಗೆ ಅವುಚಿಕೊಂಡ. ಗೌಡರು ಎದ್ದು ನಿಂತರು. ರುಮಾಲು ಬಿಚ್ಚಿ ಗಾಳಿಗೆ ಬೀಸಿದರು.

"ಭಲೇ ಮಾಳಪ್ಪಾ! ಭಲೇ ನನ್ನ ಹುಲಿ!"

ಅವರ ಹಿಂದೆ ಇಡೀ ಊರು ಎದ್ದಿತು. ಮಗ್ಗುಲಲ್ಲಿದ್ದ ಅಕ್ಕಲಕೋಟದವನೊಬ್ಬನಿಗೆ ಮೈ ಉರಿಯಿತು.

"ಏ ಗೌಡ್ರ, ಯಾರ ಬಾಜೂಕ ಕುಂತೀರಿ, ಖಬರ್ ಅದ ಇಲ್ಲೋ?"

"ಕುಂತದ್ದು ನಿಮ್ಮ ಬಾಜೂಕ. ನಿಂತದ್ದು ಅವನ ಬಾಜೂಕ!" ಎಂದರು ಗೌಡರು.

ಸುತ್ತಲಿನವರು ನಕ್ಕರು. ನಾನೂ ನಕ್ಕೆ. ಗಿರಣಿ ಗೆದ್ದಿತು. ಜನ ಮನೆಗೆ ಹೋದರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸೊಲ್ಲಾಪುರದ ಒಂದು ವಾರಪತ್ರಿಕೆ (ಹೆಸರು ಬೇಡ, ಅದರ ಸಂಪಾದಕರ ಜೊತೆ ನನಗೆ ದಿನದ ಚಹಾ) ಈ ಮಾತನ್ನು ಹಿಡಿಯಿತು. ಸಂಸ್ಥಾನದ ಪ್ರಜೆಗಳಿಗೆ ಸಂಸ್ಥಾನ ಬೇಡವಾಗಿದೆ, ಅವರ ಗೌಡರೇ ರುಮಾಲು ಹಾರಿಸಿ ಮುಂಬಯಿ ಇಲಾಖೆಯ ಸೊಲ್ಲಾಪುರದ ಕಡೆ ನಿಂತರು, ಜನಾಭಿಪ್ರಾಯಕ್ಕೆ ಬೇರೆ ಸಾಕ್ಷಿ ಏಕೆ ಎಂದು ಬರೆಯಿತು. ಗೌಡರ ಹೆಸರೂ ಇತ್ತು, ಊರೂ ಇತ್ತು.

ಗೌಡರಿಗೆ ವಯಸ್ಸಾಗಿದೆ. ಈ ವರ್ಷ ಗೌಡಕಿ ಮಗನಿಗೆ ಹೋಗಬೇಕು. ಅದಕ್ಕೆ ಸಂಸ್ಥಾನದ ಕಚೇರಿಯ ಒಪ್ಪಿಗೆ ಬೇಕು. ಅದೇ ಗೌಡಕಿಯ ಮೇಲೆ ಬಹಳ ದಿನದಿಂದ ಕಣ್ಣಿಟ್ಟ ದಾಯಾದಿಯೊಬ್ಬ ಇದ್ದಾನೆ. ಅವನು ಪೇಪರನ್ನು ಮಡಚಿಕೊಂಡು ನೇರ ಕಚೇರಿಗೆ ಹೋದ. ಸಂಸ್ಥಾನ ಬೇಡವೆನ್ನುವ ಮನೆಗೆ ಸಂಸ್ಥಾನದ ಗೌಡಕಿ ಏಕೆ? ಕಚೇರಿ ಗೌಡರನ್ನು ಕೇಳಿತು: ಕೂಗಿದ್ದು ಯಾಕೆ?

"ಯಾಕೆ ಕೂಗಿದಿರಿ?" ಎಂದು ನಾನೂ ಕೇಳಿದೆ.

ಗೌಡರು ನನ್ನನ್ನು ಮರುಕದಿಂದ ನೋಡಿದರು.

"ಮಾಳಪ್ಪ ನಮ್ಮೂರ ಅಳಿಯ ಅಲ್ಲೇನ್ರಿ? ಹೋದ ಮಾಘದಾಗ ನಮ್ಮ ಕುರಿ ಕಾಯೋ ಬೀರಣ್ಣನ ಮಗಳ್ನ ಅವಗ ಕೊಟ್ಟೀವಿ."

"ಬೀರಣ್ಣನ ಅಳಿಯ. ನಿಮ್ಮ ಅಳಿಯ ಅಲ್ಲವಲ್ಲ?"

"ಬೀರಣ್ಣ ಹಾಲುಮತದಾಂವ, ನಾವು ಲಿಂಗಾಯತರು, ಖರೇ ಅದ. ಆದ್ರ ಹೆಣ್ಣು ಊರಂದು. ಹೆಣ್ಣು ಊರಂದಾದ್ರ ಅಳಿಯಾ ಯಾರವ?"

ಈ ಕಡೆಯ ಊರುಗಳಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಅಳಿಯ ಮೊದಲ ವರ್ಷ ಊರಿಗೆಲ್ಲ ಅಳಿಯ. ಗೌಡರ ಮನೆಯಲ್ಲೂ ಅವನಿಗೆ ಒಂದು ಊಟ. ಕುಸ್ತಿಗಿಳಿದರೆ ಅವನು ಬಿದ್ದರೂ 'ಭಲೇ' ಎನ್ನಬೇಕು. ಅವನ ಎದುರಾಳಿಗೆ ಕೂಗಿದರೆ ಹೆಣ್ಣು ಕೊಟ್ಟ ಊರು ಕೈ ಬಿಟ್ಟಿತು ಎಂದೇ ಅರ್ಥ. ಮೈದಾನದಲ್ಲಿ ಅಕ್ಕಲಕೋಟ ಇತ್ತು, ಸೊಲ್ಲಾಪುರ ಇತ್ತು. ಗೌಡರಿಗೆ ಕಂಡದ್ದು ಮಾಳಪ್ಪ.

ಕಚೇರಿಯ ಕಾರಕೂನನೊಬ್ಬ ಗೌಡರಿಗೆ ಸುಲಭದ ದಾರಿಯನ್ನೂ ಹೇಳಿದ್ದ. ಬಾಯಿ ತಪ್ಪಿ ಕೂಗಿದೆ, ಅಕ್ಕಲಕೋಟಕ್ಕೆ ಕೂಗುವವನಿದ್ದೆ ಎಂದು ಒಂದು ಸಾಲು ಬರೆದುಕೊಡಿ, ಆಯಿತು.

"ಬರೆದುಕೊಡಬಹುದಲ್ಲ?" ಎಂದೆ. (ಪೇಪರಿನವರಿಗೆ ಬರೆಯುವುದು ಬಹಳ ಹಗುರ.)

"ನಾಗರ ಪಂಚಮಿ ಹತ್ರ ಬಂತ್ರಿ. ಆ ಹುಡುಗಿ ತವರಿಗಿ ಬರ್ತಾಳ. ನಿನ್ನ ಗಂಡಗ ನಾ ಬಾಯಿ ತಪ್ಪಿ ಭಲೇ ಅಂದಿದ್ದೆವ್ವಾ ಅಂತ ಆಕಿಗಿ ಹೇಳ್ಲೇನು?"

ನಾನು ಕೋಟು ಹಾಕಿಕೊಂಡು ಎದ್ದೆ.

ಆ ದಿನದ ರೆಫ್ರಿ ಗಿರಣಿಯ ನೇಯ್ಗೆ ಖಾತೆ ನೋಡುವ ವೀವಿಂಗ್ ಮಾಸ್ಟರ್, ಮ್ಯಾಕ್ ಸಾಹೇಬರು. ಸಾಹೇಬರ ಮಾತಿಗೆ ಕಚೇರಿಯಲ್ಲಿ ಬೆಲೆ ಇದ್ದೀತು ಎಂದು ಅವರ ಬಂಗಲೆಗೆ ಹೋದೆ. ಅವರು ಸ್ಕಾಟ್ಲಂಡಿನವರು. ಇಂಗ್ಲಿಷರೆಂದು ಕರೆದರೆ ಮುಖ ತಿರುಗಿಸುತ್ತಾರೆ. ನಮಗೆ ಎಲ್ಲ ಸಾಹೇಬರೂ ಒಂದೇ, ಏನು ಮಾಡುವುದು?

ಗೌಡರ ಕಥೆ ಕೇಳಿ ಅವರು ನಗುತ್ತಾರೆಂದು ಎಣಿಸಿದ್ದೆ. ನಗಲಿಲ್ಲ. ಪೈಪ್ ಕೆಳಗಿಟ್ಟರು. ತಮ್ಮ ತಮ್ಮನ ಸುದ್ದಿ ಹೇಳಿದರು.

ಅವರ ಕಡೆ ವರ್ಷಕ್ಕೊಮ್ಮೆ ಸ್ಕಾಟ್ಲಂಡಿಗೂ ಇಂಗ್ಲಂಡಿಗೂ ಫುಟ್‌ಬಾಲ್ ಆಗುತ್ತದೆ. ನಮ್ಮ ಸೊಲ್ಲಾಪುರದಷ್ಟು ಜನ ಒಂದೇ ಮೈದಾನದಲ್ಲಿ ಸೇರುತ್ತಾರಂತೆ. ಇಂಗ್ಲಂಡ್ ಸೋತರೆ ಹಬ್ಬ. ಸ್ಕಾಟ್ಲಂಡಿಗೆ ಅದರದೇ ಸರಕಾರ ಬೇಕು ಎನ್ನುವ ಪಕ್ಷವೊಂದು ಈಗ ಅಲ್ಲಿ ಹುಟ್ಟಿದೆ. ಸಾಹೇಬರ ತಮ್ಮ ಅದನ್ನು ಸೇರಿದ. ಆಟಕ್ಕೆ ಹೋದ, ಕೂಗು ಕೇಳಿದ, ಇಡೀ ದೇಶ ನಮ್ಮ ಕಡೆ ಇದೆ ಎಂದು ಅಣ್ಣನಿಗೆ ತಿಳಿಸಿದ. ಆ ಧೈರ್ಯದ ಮೇಲೆ ಚುನಾವಣೆಗೆ ನಿಂತ. ಡಿಪಾಜಿಟ್ ಕಳೆದುಕೊಂಡ.

"ಗಂಟಲು ಕೊಟ್ಟವರು ಮತ ಕೊಡಲಿಲ್ಲ" ಎಂದರು ಸಾಹೇಬರು.

"ಹಾಗಾದರೆ ಜನರಿಗೆ ಬೇರೆ ಸರಕಾರ ಬೇಡವೆಂದೇ?"

"ಅದೂ ಗೊತ್ತಿಲ್ಲ. ಬೇಕೆನ್ನುವವರು ಇದ್ದಾರೆ, ಬೇಡವೆನ್ನುವವರು ಇದ್ದಾರೆ. ಇನ್ನೂ ಯೋಚಿಸದವರು ಎಲ್ಲರಿಗಿಂತ ಹೆಚ್ಚು. ಆಟದ ದಿನ ಮೂವರೂ ಒಂದೇ ಕಡೆ ಕೂಗುತ್ತಾರೆ."

"ನೀವು?"

"ಆಟದಲ್ಲಿ ಇಂಗ್ಲಂಡ್ ಸೋಲಬೇಕು. ಸರಕಾರದ ಬಗ್ಗೆ ನನ್ನ ತಮ್ಮನೇ ನನ್ನನ್ನು ಕೇಳಲಿಲ್ಲ. ನಾನು ಆಟಕ್ಕೆ ಕೂಗುವುದನ್ನು ಚಿಕ್ಕಂದಿನಿಂದ ಕೇಳಿದ್ದ, ಅದೇ ಸಾಕಾಯಿತು."

ಎರಡು ಸಾಲು ಬರೆದುಕೊಟ್ಟರು: ಗೋಲ್‌ಕೀಪರ್ ಚೆಂಡು ಹಿಡಿದದ್ದು ಬಹಳ ಚೆನ್ನಾಗಿತ್ತು, ರೆಫ್ರಿ ಅಲ್ಲದಿದ್ದರೆ ನಾನೂ ಕೂಗುತ್ತಿದ್ದೆ. ಕಚೇರಿ ಅದನ್ನು ಇಟ್ಟುಕೊಂಡಿತು. ವಿಚಾರ ಮಾಡುತ್ತೇವೆ ಎಂದಿತು.

ಇಷ್ಟರಲ್ಲಿ ಧಾರವಾಡದಲ್ಲಿ ಕೂತ ನಮ್ಮ ಪತ್ರಿಕೆಯ ಸಂಪಾದಕರ ಪ್ರಶ್ನೆಯೂ ಬಂತು. ಮಾಳಪ್ಪ ಕನ್ನಡದವನಲ್ಲವೇ? ಹಾಗಿದ್ದರೆ ಇದು ಕನ್ನಡ ಪ್ರಾಂತಕ್ಕೆ ಬಿದ್ದ ಕೂಗು ಎಂದು ಬರೆಯಬಹುದಲ್ಲ? (ಚೆಂಡು ಒದ್ದ ಅಕ್ಕಲಕೋಟದ ಹುಡುಗನೂ ಮನೆಯಲ್ಲಿ ಕನ್ನಡವನ್ನೇ ಆಡುತ್ತಾನೆ. ಅವನನ್ನು ಏನು ಮಾಡೋಣ?) ಕೂಗು ಒಂದು, ಹಕ್ಕುದಾರರು ಮೂವರು: ಸಂಸ್ಥಾನ, ಮುಂಬಯಿ ಇಲಾಖೆ, ಕನ್ನಡ ಪ್ರಾಂತ.

ಆದರೂ ಕೇಳುವುದು ನನ್ನ ಕೆಲಸ. ಗೌಡರು ಮತ್ತೊಮ್ಮೆ ಬಂದಾಗ ಕೇಳಿದೆ. ಸಂಸ್ಥಾನವೇ ಇರಬೇಕೋ, ಮುಂಬಯಿ ಇಲಾಖೆಗೆ ಸೇರಬೇಕೋ, ಕನ್ನಡ ಪ್ರಾಂತ ಆಗಬೇಕೋ? ನಿಮ್ಮ ಮನಸ್ಸಿನಲ್ಲಿ ಏನಿದೆ?

"ಚಲೋ ಕೇಳಿದ್ರಿ. ಇಷ್ಟ ದಿನಾ ಒಬ್ಬಾಂವರೆ ಕೇಳಿದ್ದಿಲ್ಲ" ಎಂದರು. "ಎತ್ತು ಕೊಳ್ಳೂ ಮುಂದ ಸುದ್ದಾ ಬಾಯಿ ತಗದು ಹಲ್ಲ ನೋಡ್ತೀವಿ, ರಾಯರ. ಯಾವ ರಾಜ್ಯದಾಗ ರೈತಗ ಏನದ, ಅಂತ ಹೇಳಾಕ ಯಾರರೆ ನಮ್ಮೂರಿಗಿ ಬಂದಾರೇನು? ಬರ್ಲಿ. ಚಾವಡ್ಯಾಗ ಕೂತು ಮಾತಾಡೂಣು. ನಿಂತ ಕಾಲಮ್ಯಾಲ ಹೆಂಗ ಹೇಳ್ಲಿ?"

ಇದು ಎರಡು ಕಾಲಮ್ಮಿಗೆ ಆಗುವ ಉತ್ತರವಲ್ಲ. ಸಂಪಾದಕರಿಗೆ ಕಳಿಸಲಿಲ್ಲ.

ಮುಂದಿನ ಮ್ಯಾಚ್ ಅಕ್ಕಲಕೋಟದಲ್ಲಿ. ಎರಡೂ ಪತ್ರಿಕೆಯವರು ಹೋಗಿದ್ದೆವು. ನಿಜ ಹೇಳುತ್ತೇನೆ, ಇಬ್ಬರೂ ಚೆಂಡನ್ನು ನೋಡಲಿಲ್ಲ. ಗೌಡರನ್ನು ನೋಡುತ್ತಿದ್ದೆವು.

ಗೌಡರು ರುಮಾಲನ್ನು ಬಿಗಿಯಾಗಿ ಸುತ್ತಿಕೊಂಡು ಬಂದಿದ್ದರು. ಎರಡೂ ಕೈ ಮೊಣಕಾಲ ಮೇಲೆ. ಮಾಳಪ್ಪ ಒಂದು ಚೆಂಡು ಹಿಡಿದ. ಗೌಡರು ಅಲುಗಲಿಲ್ಲ. ಊರವರು ಗೌಡರ ಮುಖ ನೋಡಿ ತಾವೂ ಅಲುಗಲಿಲ್ಲ. ಮಾಳಪ್ಪ ಚೆಂಡು ಕೈಯಲ್ಲಿಟ್ಟುಕೊಂಡು ಆ ಕಡೆ ಒಂದು ಸಲ ತಿರುಗಿ ನೋಡಿದ. ಆಮೇಲಿನ ಚೆಂಡು ಅವನ ಕಾಲ ಸಂದಿನಿಂದ ಹೋಯಿತು. ಆ ಒಂದು ಗೋಲಿಗೇ ಅಕ್ಕಲಕೋಟ ಗೆದ್ದಿತು.

ಮ್ಯಾಚ್ ಮುಗಿದ ಮೇಲೆ ಮಾಳಪ್ಪ ಬಂದು ಗೌಡರ ಕಾಲು ಮುಟ್ಟಿದ. ಇನ್ನೂ ಇಪ್ಪತ್ತೈದು ದಾಟದ ಹುಡುಗ, ಮೊಣಕೈ ತುಂಬ ಕೆಸರು.

"ಗೌಡಮಾವ, ನನ್ನದೇನರೆ ತಪ್ಪಾಗೇದೇನು?"

"ಇಲ್ಲಪಾ."

"ಮತ್ತ ಇಡೀ ಊರು ಯಾಕ ಹಂಗ ಕುಂತಿತ್ತು, ಹೆಣದ ಮಣ್ಣಿಗಿ ಬಂದವ್ರಂಗ?"

ಗೌಡರು ಅಲ್ಲಿ ನಿಂತಿದ್ದ ನನ್ನ ಕಡೆ ನೋಡಿದರು.

ಮಾಳಪ್ಪ ಮೊಣಕೈಯ ಕೆಸರು ಒರೆಸಿಕೊಂಡ. "ಆತು ಬಿಡ್ರಿ. ಪಂಚಮಿಗಿ ಆಕಿನ್ನ ಕಳಸೂದಿಲ್ಲ" ಎಂದ. ಹೋದ.

ಗೌಡರು ಮೌನವಾಗಿ ಕುಳಿತದ್ದರಿಂದ ಗೌಡಕಿಯಾದರೂ ಉಳಿಯಿತೇ? ಈ ವಾರ ಆ ಪತ್ರಿಕೆ ಮತ್ತೆ ಬರೆದಿದೆ: ಸ್ವಂತ ಸಂಸ್ಥಾನದ ಟೀಮು ಗೆದ್ದರೂ ಪ್ರಜೆಗಳು ಚಪ್ಪಾಳೆ ತಟ್ಟಲಿಲ್ಲ, ಈ ಮೌನಕ್ಕಿಂತ ಸ್ಪಷ್ಟವಾದ ಜನಾಭಿಪ್ರಾಯ ಬೇರೊಂದಿಲ್ಲ. ದಾಯಾದಿ ಅದನ್ನೂ ಮಡಚಿಕೊಂಡು ಹೋಗಿದ್ದಾನೆ. ಕಚೇರಿ ಮತ್ತೆ ಕೇಳಿದೆ: ಕೂಗದೆ ಇದ್ದದ್ದು ಯಾಕೆ?

ನನಗೆ ಸಾಕಾಗಿದೆ. ಆ ಪತ್ರಿಕೆಯ ಸಂಪಾದಕ ಗೆಳೆಯರಿಗೆ ಚಹಾದ ಹೊತ್ತಿನಲ್ಲಿ ಹೇಳಿದೆ, ಒಮ್ಮೆ ಗೌಡರ ಊರಿಗೆ ಹೋಗಿ ಕೇಳಿ ಬನ್ನಿ ಎಂದು. "ಹೋಗಿ ಕೇಳಿದರೆ ಇಷ್ಟು ಖಚಿತವಾಗಿ ಬರೆಯಲಿಕ್ಕಾಗುತ್ತದೆಯೇ?" ಎಂದರು. ಅವರೂ ಸುಳ್ಳು ಹೇಳುವವರಲ್ಲ.

ನಿನ್ನೆ ಗೌಡರು ಮೂರನೆಯ ಸಲ ಬಂದರು. ಈ ಸಲ ರುಮಾಲು ತಲೆಯ ಮೇಲೆಯೇ ಇತ್ತು. ಕುರ್ಚಿಯಲ್ಲಿ ಕುಳಿತರು, ನೀರು ಕುಡಿದರು. ಮುಂಜಾನೆ ಮಾಳಪ್ಪ ಇರುವ ಗಿರಣಿ ಚಾಳಿನ ಮನೆಗೆ ಹೋಗಿ ಬಂದೆ ಎಂದರು. ಊರಗೌಡ ತಾನೇ ನಡೆದು ಗಿರಣಿ ಕೂಲಿಯವನ ಖೋಲಿಗೆ ಹೋಗುವುದು ಸಣ್ಣ ಮಾತಲ್ಲ. ಹುಡುಗಿ ಬಾಗಿಲಲ್ಲೇ ಅತ್ತಳಂತೆ. ಮಾಳಪ್ಪ ಕಡೆಗೆ, ಮುಂದಿನ ಮ್ಯಾಚಿಗೆ ಬರ್ತೀರೇನು, ಎಂದಷ್ಟೇ ಕೇಳಿದನಂತೆ.

"ಬರ್ತೀನಿ ಅಂದೆ. ಹುಡುಗೀನ ಪಂಚಮಿಗಿ ಕಳಸ್ತಾನ."

"ಕಚೇರಿಗೆ ಏನು ಹೇಳುತ್ತೀರಿ?"

"ಹೇಳಿ ಬಂದೀನಿ. ಅಳಿಯಗ ಕೂಗೀನಿ, ಇನ್ನೂ ಕೂಗ್ತೀನಿ, ಗೌಡಕಿ ಯಾರಿಗರೆ ಕೊಡ್ರಿ ಅಂತ. ಮಗಗೂ ಹೇಳೀನಿ. ಅವ ಹೂಂ ಅಂದ."

ಹೊರಡುವಾಗ ಬಾಗಿಲಲ್ಲಿ ನಿಂತು, ಇದನ್ನು ಹೇಳಿದ ಹಾಗೆಯೇ ಹಾಕಿರಿ ಎಂದರು. ಹಾಕಿದ್ದೇನೆ.

ಈಗ ಜನಾಭಿಪ್ರಾಯ ಎಣಿಸುವ ಮಹನೀಯರು ದಯಮಾಡಿ ತಿಳಿಸಬೇಕು: ಗೌಡರ ಈ ಕೂಗನ್ನು ಯಾವ ಪ್ರಾಂತದ ಮತಪೆಟ್ಟಿಗೆಗೆ ಹಾಕುತ್ತೀರಿ?